ಐವತ್ತೇಳು ಅಂಗಿಗಳ ಬಾಲಯೇಸು

ಮೆರಿಡಾ, ಜನವರಿ ೯, ೧೯೭೮, ಸೋಮವಾರ

ಉಲ್ಪಿಯಾನೊ ಲೋಬೊ ಎಂಬಾತ ಪತ್ರದ ಜೊತೆ ಕಳಿಸಿದ ಫೋಟೋವನ್ನು ಬೆಳಗಿನಿಂದ ನಾಲ್ಕು ಸಲ ನೋಡಿದೆ. ತೆಗೆದವನ ಕೈ ನಡುಗಿದೆ, ಬೆಳಕು ತಪ್ಪು ಕಡೆಯಿಂದ ಬಿದ್ದಿದೆ, ಸಾಲದ್ದಕ್ಕೆ ಒಂದು ಕೋಳಿ ಅಡ್ಡ ಬಂದಿದೆ. ಆದರೂ ಕೋಳಿಯ ಹಿಂದೆ ಮೇಜಿನ ಮೇಲೆ ಮಲಗಿರುವ ಮರದ ಬಾಲಯೇಸು ಇನ್ನೂರು ವರ್ಷದ ಹಿಂದಿನ ಕೀಟೋ ಊರಿನ ಕೆತ್ತನೆ. ಪಣ ಕಟ್ಟಿ ಹೇಳಬಲ್ಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನನಗೆ ಗೊತ್ತು. ಹಾಲು ಯಾವುದು ಎಂಬುದೂ ಗೊತ್ತು. ಬೆರೊಟೆರಾನ್ ಹರಾಜು ಮನೆಯವರು ಇಪ್ಪತ್ತೆರಡು ವರ್ಷದಿಂದ ನನ್ನನ್ನು ಈ ಬೆಟ್ಟಸೀಮೆಯ ಸಲಹೆಗಾರ್ತಿ ಎಂದು ಇಟ್ಟುಕೊಂಡಿರುವುದು ಇದಕ್ಕೇ. ಜನರ ಮನೆಗೆ ಹೋಗುತ್ತೇನೆ, ಕೊಟ್ಟ ಕಾಫಿ ಕುಡಿಯುತ್ತೇನೆ, ಅವರು ತೋರಿಸಿದ್ದನ್ನು ಬಿಟ್ಟು ತೋರಿಸದೆ ಇಟ್ಟದ್ದನ್ನು ನೋಡುತ್ತೇನೆ, ಬೆಲೆ ಹೇಳುತ್ತೇನೆ. ಒಳ್ಳೆಯದು ಕರಾಕಾಸ್‌ಗೆ ಹೋಗುತ್ತದೆ. ಅಲ್ಲಿ ಪೆಟ್ರೋಲ್ ದುಡ್ಡಿನವರು ಹರಾಜಿನಲ್ಲಿ ಕೈ ಎತ್ತುತ್ತಾರೆ.

ಮಧ್ಯಾಹ್ನ ಡಾಕ್ಟರ್ ಬೆರೊಟೆರಾನ್‌ರಿಗೆ ಫೋನ್ ಮಾಡಿದೆ. ಅವರು ರೋಗ ನೋಡುವ ಡಾಕ್ಟರಲ್ಲ, ವಕೀಲರು. ಕರಾಕಾಸ್‌ನಲ್ಲಿ ಟೈ ಕಟ್ಟಿದವರೆಲ್ಲ ಡಾಕ್ಟರೇ.

"ಎಡೆಲ್ಮಿರಾ, ಮಾರ್ಚಿಗೆ ಸನಾಬ್ರಿಯಾ ನಿವೃತ್ತರಾಗ್ತಾರೆ. ಕ್ಯಾಟಲಾಗಿನ ಮುಖಪುಟಕ್ಕೆ ಆಗೋಂಥ ಒಂದು ವಸ್ತು ತನ್ನಿ. ಅವರ ಕುರ್ಚಿ ನಿಮ್ಮದು."

ಸನಾಬ್ರಿಯಾ ಹಳೇ ಕಾಲದ ಕಲಾವಸ್ತುಗಳ ವಿಭಾಗದ ಮುಖ್ಯಸ್ಥ. ಹತ್ತು ವರ್ಷದಿಂದ ನಾನು ಕಂಡುಹಿಡಿದದ್ದಕ್ಕೆ ಆತ ರುಜು ಹಾಕುತ್ತಿದ್ದಾನೆ. ಆ ಕುರ್ಚಿ ನನಗೆ ಬೇಕು. ಇದನ್ನು ಇಲ್ಲಿ ಬರೆಯುವುದಕ್ಕೆ ನಾಚಿಕೆಯೇನು?

ಜನವರಿ ೧೧, ಬುಧವಾರ

ಮುಕುಪಾನ್‌ಗೆ ಹೋಗಿಬಂದೆ. ಮುಕುಚೀಸ್ ದಾಟಿ, ಬೆಳ್ಳುಳ್ಳಿ ಹೊಲಗಳ ನಡುವೆ ಜೀಪು ಒಂದು ಗಂಟೆ ಏರಿತು. ಹನ್ನೊಂದು ಮನೆಗಳ ಊರು. ಉಲ್ಪಿಯಾನೊ ರಸ್ತೆಗೇ ಬಂದು ನಿಂತಿದ್ದ. ನಲವತ್ತರ ಆಸುಪಾಸು, ಮೈತುಂಬ ಕಂಬಳಿ, ಬಾಯಿತುಂಬ ಲಾರಿಯ ಮಾತು. ಬಾಲಯೇಸುವನ್ನು ಮಾರಿದರೆ ಲಾರಿ ಕೊಳ್ಳುತ್ತಾನಂತೆ, ಆಲೂಗಡ್ಡೆಯನ್ನು ದಲ್ಲಾಳಿಗೆ ಕೊಡದೆ ತಾನೇ ಪೇಟೆಗೆ ಒಯ್ಯುತ್ತಾನಂತೆ.

ಒಳಗೆ ಅವನ ಅತ್ತೆ, ಅಂದರೆ ತಂದೆಯ ಅಕ್ಕ, ಡೋನ್ಯಾ ಕ್ರಿಸಾಂತಾ. ನಮ್ಮ ಬೆಟ್ಟದಲ್ಲಿ ಮರ್ಯಾದಸ್ಥ ಹೆಂಗಸರೆಲ್ಲ ಡೋನ್ಯಾ. ಎಪ್ಪತ್ತೇಳು ವರ್ಷ. ಒಲೆಯ ಪಕ್ಕ ಕೂತು ಗೋಧಿ ರೊಟ್ಟಿ ತಟ್ಟುತ್ತಿದ್ದರು. ಬಾಲಯೇಸು ಅವರ ಪಕ್ಕದ ಬುಟ್ಟಿಯಲ್ಲಿ.

ಫೋಟೋ ಸುಳ್ಳು ಹೇಳಿರಲಿಲ್ಲ, ಕಡಿಮೆಯೇ ಹೇಳಿತ್ತು. ಸೀಡರ್ ಮರ, ಒಂದು ಗೇಣಿಗಿಂತ ಸ್ವಲ್ಪ ಉದ್ದ, ಗಾಜಿನ ಕಣ್ಣು, ಮೈಗೆ ಕುರಿಯ ಮೂತ್ರಕೋಶದಿಂದ ಉಜ್ಜಿದ ಹೊಳಪು. ಎಡಗಾಲಿನ ಕಿರುಬೆರಳು ಮುರಿದಿದೆ, ಅಷ್ಟೇ. ಕೀಟೋದ ಉಸ್ತಾದರು ಬಾಯಿಯೊಳಗೆ ಅಂಗುಳಿಗೆ ಕನ್ನಡಿ ಚೂರು ಕೂರಿಸುತ್ತಿದ್ದರು, ಒದ್ದೆಯಾಗಿ ಕಾಣಲಿ ಎಂದು. ನಾನು ಟಾರ್ಚ್ ತೆಗೆದು ಬಾಯೊಳಗೆ ಬಿಟ್ಟೆ. ಕನ್ನಡಿ ಮಿನುಗಿತು.

"ಬಾಯೊಳಕ್ಕೆ ಯಾಕಮ್ಮ ಬ್ಯಾಟ್ರಿ ಬಿಡ್ತೀರಿ?" ಅಂದರು ಮುದುಕಿ. "ಅವನಿಗೇನೂ ಗಂಟಲುನೋವಿಲ್ಲ."

ಮೈಮೇಲಿನ ಅಂಗಿ ಬಿಚ್ಚಿಸಿ ಅಳತೆ ತೆಗೆದುಕೊಂಡೆ. ಕ್ಯಾಟಲಾಗಿಗೆ ಬರಿಮೈಯ ಫೋಟೋನೇ ಆಗಬೇಕು, ಬಟ್ಟೆ ಇದ್ದರೆ ಕೆತ್ತನೆ ಕಾಣುವುದಿಲ್ಲ ಎಂದೆ. ಡೋನ್ಯಾ ಕ್ರಿಸಾಂತಾ ಎದ್ದು ಕಿಟಕಿ ಮುಚ್ಚಿದರು. ಆಮೇಲೆ ಒಂದು ಮರದ ಪೆಟ್ಟಿಗೆ ತೆರೆದು ತೋರಿಸಿದರು. ಐವತ್ತೇಳು ಪುಟ್ಟ ಅಂಗಿಗಳು, ವರ್ಷಕ್ಕೊಂದು, ಎಲ್ಲ ಅವರೇ ಹೊಲಿದದ್ದು. ಹಿಟ್ಟಿನ ಚೀಲದ್ದೊಂದು, ಸೈನಿಕನ ಷರಟಿನದ್ದೊಂದು, ಗಂಡ ತೀರಿಕೊಂಡ ವರ್ಷದ್ದು ಕಪ್ಪು. ಅಜ್ಜಿಗೆ ಅರಿವೆ ಚಿಂತೆ, ಸೋದರಳಿಯನಿಗೆ ಲಾರಿ ಚಿಂತೆ.

"ಮಾರೋಕೆ ನಿಮಗೆ ಒಪ್ಪಿಗೇನಾ?" ಎಂದು ಕೇಳಿದೆ. ಇದನ್ನು ನಾನು ಎಲ್ಲರನ್ನೂ ಕೇಳುತ್ತೇನೆ.

"ನಾನು ಸತ್ತ ಮೇಲೆ ಇವನನ್ನ ಯಾರು ನೋಡ್ತಾರೆ? ಉಲ್ಪಿಯಾನೊ ಕೋಳಿಗೆ ಕಾಳು ಹಾಕೋದೇ ಮರೀತಾನೆ."

"ನಿಮಗೆ ಹೇಗೆ ಬಂದದ್ದು?"

"ಕದ್ದದ್ದು. ಆಚೆ ಮನೆ ಯುಫ್ರಾಸಿಯಾ ಪರೆದೆಸ್‌ಳ ಗೋದಲಿಯಿಂದ. ಇಪ್ಪತ್ತೊಂದನೇ ಇಸವಿ, ಜನವರಿ."

ಬರೆದುಕೊಂಡೆ. ಜನವರಿಯಲ್ಲಿ ಕದಿಯದೆ ಇನ್ಯಾವಾಗ ಕದಿಯುವುದು? ಕ್ರಿಸ್‌ಮಸ್‌ಗೆ ಕಟ್ಟಿದ ಗೋದಲಿಯಿಂದ ಬಾಲಯೇಸುವನ್ನು ಕದಿಯುವುದು ನಮ್ಮ ಬೆಟ್ಟಸೀಮೆಯ ಹಬ್ಬದಾಟ. ನಾನೇ ಚಿಕ್ಕವಳಿದ್ದಾಗ ಎರಡು ಬಾಲಯೇಸು ಕದ್ದಿದ್ದೇನೆ. ಗೋದಲಿ ಬರಿದಾದವರು ಹುಡುಕಲು ಜನ ಕಳಿಸುತ್ತಾರೆ, ಅವರು ಪಿಟೀಲು ಬಾರಿಸುತ್ತ ಮನೆಮನೆಗೆ ಬರುತ್ತಾರೆ, ಸಿಕ್ಕಿಬಿದ್ದ ಕಳ್ಳರು ಕೇಕು ವೈನು ಹಂಚಿ ಮೆರವಣಿಗೆಯಲ್ಲಿ ಒಯ್ದು, ಮಲಗಿದ್ದ ಮಗುವನ್ನು ಗೋದಲಿಯಲ್ಲಿ ಎತ್ತಿ ನಿಲ್ಲಿಸಿಕೊಡಬೇಕು. ಎಲ್ಲ ಫೆಬ್ರವರಿ ಎರಡರೊಳಗೆ, ಕಂದೆಲಾರಿಯಾ ಹಬ್ಬಕ್ಕೆ ಮೊದಲೇ, ಹೆಚ್ಚೆಂದರೆ ಆ ದಿನ.

"ಮತ್ತೆ ವಾಪಸ್ ಯಾಕೆ ಹೋಗಲಿಲ್ಲ?"

"ಹುಡುಕ್ಕೊಂಡು ಯಾರೂ ಬರಲಿಲ್ಲ," ಎಂದು ಕಾಫಿ ತರಲು ಎದ್ದುಹೋದರು.

ಸಂಜೆ ಹರಾಜು ಮನೆಯ ಅರ್ಜಿ ತುಂಬಿ ಅಂಚೆಗೆ ಹಾಕಿದೆ. ಇದು ಮುಖಪುಟದ ವಸ್ತು. ಕರಾಕಾಸ್‌ನಲ್ಲಿ ಬಾಡಿಗೆ ಮನೆ ಯಾವ ಬಡಾವಣೆಯಲ್ಲಿ ಹುಡುಕಲಿ ಎಂದು ಈಗಲೇ ಯೋಚನೆ.

ಜನವರಿ ೧೬, ಸೋಮವಾರ

ಬೆಳಿಗ್ಗೆ ಏಳಕ್ಕೇ ಫೋನ್. ಡಾಕ್ಟರ್ ಬೆರೊಟೆರಾನ್‌ರ ದನಿ ಕೀಚಲಾಗಿತ್ತು.

"ಎಡೆಲ್ಮಿರಾ! ಪಡೆದ ಬಗೆ ಅನ್ನೋ ಕಡೆ ಏನು ಬರೆದಿದೀರಿ ನೀವು?"

"ಇದ್ದದ್ದು ಬರೆದೆ. ಕದ್ದದ್ದು, ೧೯೨೧."

"ಕದ್ದದ್ದು! ಯಾರಿಂದ ಕದ್ದದ್ದು ಅಂತ ಹೆಸರು ವಿಳಾಸ ಸಮೇತ! ನನ್ನ ಗುಮಾಸ್ತ ಪೊಲೀಸರಿಗೆ ಫೋನ್ ಮಾಡೋದೊಂದು ಬಾಕಿ!"

ನಮ್ಮ ಪದ್ಧತಿ ಏನೆಂದು ವಿವರಿಸಿದೆ.

"ಅಂದ್ರೆ ನಿಮ್ಮೂರಲ್ಲಿ ಕಳ್ಳರಿಗೆ ಮೆರವಣಿಗೆ ಮಾಡ್ತೀರಿ."

"ಕಳ್ಳರಿಗಲ್ಲ, ಮಗೂಗೆ."

"ಎಡೆಲ್ಮಿರಾ, ಅಲ್ಲೇ ಪಕ್ಕದಲ್ಲಿ 'ಕೌಟುಂಬಿಕ ಆಸ್ತಿ' ಅಂತ ಬರೆಯೋಕೆ ಜಾಗ ಇತ್ತಲ್ಲ!"

ಇತ್ತು. ಹೊಳೆಯಲಿಲ್ಲ. ಮೆರಿಡಾದಲ್ಲಿ ಹುಟ್ಟಿದ ಯಾರಿಗೂ ಹೊಳೆಯುತ್ತಿರಲಿಲ್ಲ ಎಂದು ವಾದಿಸಬಲ್ಲೆ. ಆದರೆ ಬರೆದದ್ದು ಬರೆದಾಯಿತು, ದಫ್ತರಕ್ಕೆ ಏರಿದ್ದೂ ಆಯಿತು. ಈಗ ಅವರಿಗೆ ಆ ಪರೆದೆಸ್ ಕುಟುಂಬದವರಿಂದ ಹಕ್ಕು ಬಿಟ್ಟುಕೊಟ್ಟ ಪತ್ರ ಬೇಕಂತೆ, ರುಜು ಸಮೇತ. ಫೆಬ್ರವರಿ ಹದಿನೈದಕ್ಕೆ ಕ್ಯಾಟಲಾಗ್ ಅಚ್ಚಿಗೆ. ಪತ್ರವಿಲ್ಲದಿದ್ದರೆ ಬಾಲಯೇಸು ಇಲ್ಲ, ಬಾಲಯೇಸು ಇಲ್ಲದಿದ್ದರೆ ಕುರ್ಚಿಯೂ ಇಲ್ಲ. ಹಾಗಂತ ಅವರು ಬಾಯಿಬಿಟ್ಟು ಹೇಳಲಿಲ್ಲ.

ಯುಫ್ರಾಸಿಯಾ ಪರೆದೆಸ್ ಇದ್ದರೆ ನಾನು ಹುಡುಕುತ್ತೇನೆ. ಸತ್ತಿದ್ದರೆ ಮಕ್ಕಳನ್ನು ಹುಡುಕುತ್ತೇನೆ. ಎರಡು ಶತಮಾನದ ಹಿಂದೆ ಹೋದ ಉಸ್ತಾದರನ್ನೇ ಬಿಟ್ಟಿಲ್ಲ.

ಜನವರಿ ೧೮, ಬುಧವಾರ

ಮತ್ತೆ ಮುಕುಪಾನ್. ಪರೆದೆಸ್ ಮನೆಯವರು ಎಲ್ಲಿಗೆ ಹೋದರೆಂದು ಕೇಳಲು ಹೋದವಳು ಬೇರೆಯದನ್ನೇ ಕೇಳಿಸಿಕೊಂಡು ಬಂದೆ.

ಉಲ್ಪಿಯಾನೊ ಹೊಲಕ್ಕೆ ಹೋಗಿದ್ದ. ಮುದುಕಿ ನನಗೆ ಮೊಟ್ಟೆ ಹಾಲಿನ ಸಾರು ಬಡಿಸಿ ಎದುರು ಕೂತರು. ಕಳವು ಮಾಡಿದ್ದು ಮೂರು ರಾಜರ ಹಬ್ಬದ ಮಾರನೇ ದಿನ, ಅಂದರೆ ಜನವರಿ ಏಳರ ಸಂಜೆ. ಇವರಿಗೆ ಇಪ್ಪತ್ತು, ಯುಫ್ರಾಸಿಯಾಗೆ ಇಪ್ಪತ್ತೆರಡು. ಇಬ್ಬರೂ ಒಂದೇ ಬಟ್ಟಲಲ್ಲಿ ಉಂಡು ಬೆಳೆದವರು. ಯುಫ್ರಾಸಿಯಾಗೆ ಏಳು ತಿಂಗಳ ಗಂಡುಮಗು, ನಾಯಿಕೆಮ್ಮು ಹತ್ತಿತ್ತು. ಮನೆಯಲ್ಲಿ ಎಲ್ಲರ ಮುಖ ಇಳಿದಿತ್ತು, ಸ್ವಲ್ಪ ನಗಿಸೋಣ ಎಂದು ಇವರು ಬಾಲಯೇಸುವನ್ನು ಶಾಲಿನಲ್ಲಿ ಮುಚ್ಚಿಕೊಂಡು ಬಂದರು.

"ನಾಕನೇ ದಿನ ಮಗು ಹೋಯ್ತು ಕಣಮ್ಮ. ಗೋದಲಿಯಿಂದ ಒಂದನ್ನ ಎತ್ತಿದೆ, ತೊಟ್ಟಿಲಿಂದ ಇನ್ನೊಂದು ಹೋಯ್ತು."

"ನಾಯಿಕೆಮ್ಮು, ಡೋನ್ಯಾ ಕ್ರಿಸಾಂತಾ. ಆ ಕಾಲದಲ್ಲಿ ಎಷ್ಟು ಮಕ್ಕಳು ಹೋಗಲಿಲ್ಲ?"

"ಅದು ನಿಮಗೆ ಗೊತ್ತು. ನನಗೂ ಗೊತ್ತು. ಅವಳಿಗೆ ಗೊತ್ತಾಗಬೇಕಲ್ಲ? ಗೋದಲೀಲಿ ಬಾಲಯೇಸೂನ ನಿಲ್ಲಿಸದ ಮನೆಗೆ ಕೇಡು ಅಂತಾರೆ. ಅವಳು ಹುಡುಕೋಕೆ ಯಾರನ್ನೂ ಕಳಿಸಲಿಲ್ಲ. ಎದುರು ಸಿಕ್ಕರೆ ಮಾತಿಲ್ಲ. ಕಳ್ಳಿ ತಾನಾಗೇ ತಗೊಂಡು ಹೋಗೋ ಹಂಗಿಲ್ಲ. ಎರಡು ವರ್ಷಕ್ಕೆ ಗಂಡ ಹೆಂಡ್ತಿ ಎಣ್ಣೆ ಬಾವಿ ಕಡೆ ಹೋದ್ರು, ಕಬೀಮಾಸ್‌ಗೆ. ಅಷ್ಟೇ."

ಪ್ರತಿ ಜನವರಿಯಲ್ಲೂ ಕೇಕು ಮಾಡಿ ವೈನು ತಂದಿಡುತ್ತಾರಂತೆ, ಒಂದುವೇಳೆ ಯಾರಾದರೂ ಬಂದರೆ ಎಂದು. ಕಂದೆಲಾರಿಯಾ ಕಳೆದ ಮೇಲೆ ಉಲ್ಪಿಯಾನೊ ತಿನ್ನುತ್ತಾನಂತೆ. ಅವನ ಹೊಟ್ಟೆ ನೋಡಿದರೆ ನಂಬಬಹುದು.

ನಾನು ಬೆಲೆ ಹೇಳುವವಳು, ಸಮಾಧಾನ ಹೇಳುವವಳಲ್ಲ. ಸಾರು ಚೆನ್ನಾಗಿದೆ ಎಂದೆ. ಹೊರಡುವಾಗ ಬುಟ್ಟಿಯನ್ನು ಒಲೆಯಿಂದ ಸ್ವಲ್ಪ ದೂರ ಸರಿಸಿ, ಮೇಲೆ ಒಂದು ಬಟ್ಟೆ ಹೊದಿಸಿದೆ. ಕಾವು ತಾಗಿ ಒಮ್ಮೆಲೇ ತಣ್ಣಗಾದರೆ ಮರ ಬಿರುಕು ಬಿಡುತ್ತದೆ, ಅದಕ್ಕೆ.

ಜನವರಿ ೨೧, ಶನಿವಾರ

ಮುಕುಚೀಸ್ ಚರ್ಚಿನ ಪುಸ್ತಕ ನೋಡಿದೆ. ಮರಾಕಾಯ್ಬೋದ ಇಬ್ಬರು ಹಳೇ ಸಾಮಾನು ವ್ಯಾಪಾರಿಗಳಿಗೆ ಫೋನ್. ಕಬೀಮಾಸ್ ಪಾದ್ರಿಗೆ ತಂತಿ. ಕಾಯುವುದು ನನ್ನ ಜಾಯಮಾನವಲ್ಲ.

ಜನವರಿ ೨೪, ಮಂಗಳವಾರ

ಸಿಕ್ಕರು!

ಮರಾಕಾಯ್ಬೋ ಸರೋವರದ ಸುತ್ತ ತಂತಿ ಕಳಿಸಿ ಹುಡುಕಿದ ಹೆಂಗಸು ನನ್ನ ಮನೆಯಿಂದ ಹತ್ತು ಬೀದಿ ಆಚೆ, ಮಾರುಕಟ್ಟೆಯ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿದ್ದಾರೆ. ಗಂಡ ಸತ್ತ ಮೇಲೆ ಹನ್ನೆರಡು ವರ್ಷದ ಹಿಂದೆ ಬೆಟ್ಟಸೀಮೆಗೆ ವಾಪಸಾದರಂತೆ. ಹಾಲು ಸಕ್ಕರೆ ಕಾಯಿಸಿ ಹಣ್ಣಿನ ಆಕಾರದ ಮಿಠಾಯಿ ಮಾಡುತ್ತಾರೆ. ಅವರು ಮಾಡಿದ ಪುಟ್ಟ ಪೀಚ್ ಹಣ್ಣುಗಳನ್ನು ನಾನು ವರ್ಷಗಟ್ಟಲೆ ತಿಂದಿದ್ದೇನೆ, ಅಂಗಡಿಯವನ ಮಿಠಾಯಿ ಎಂದುಕೊಂಡು.

ಡೋನ್ಯಾ ಯುಫ್ರಾಸಿಯಾ ಎಂಬತ್ತರ ಹೊಸ್ತಿಲಲ್ಲಿದ್ದಾರೆ, ನಾಲಿಗೆ ಮಾತ್ರ ಇಪ್ಪತ್ತರದ್ದು. ನಾನು ಬಂದ ಕಾರಣ ಹೇಳಿ ಬಿಟ್ಟುಕೊಟ್ಟ ಪತ್ರವನ್ನು ಮೇಜಿನ ಮೇಲಿಟ್ಟೆ. ಅವರು ಪತ್ರ ಮುಟ್ಟಲಿಲ್ಲ.

"ಕ್ರಿಸಾಂತಾ ಇನ್ನೂ ಇದಾಳಾ?"

"ಇದ್ದಾರೆ."

"ಅವಳೇ ಕದ್ದಿದ್ದು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳಾ? ನಾನು ನೋಡಿದೆ. ಮಗೂನ ಎದೆ ಮೇಲೆ ಹಾಕ್ಕೊಂಡು ಮಲಗಿದ್ದೆ. ಬೆಕ್ಕಿನ ಹಾಗೆ ಹೆಜ್ಜೆ ಇಡ್ತೀನಿ ಅಂದ್ಕೊಂಡು ಹಾಲಿನ ಕ್ಯಾನು ಒದ್ದಳು. ನೋಡಿದ್ರೂ ನೋಡದ ಹಾಗೆ ಇರ್ಬೇಕಲ್ಲ, ಕಣ್ಣು ಮುಚ್ಕೊಂಡು ನಕ್ಕೆ. ನನ್ನ ನಗುಗೆ ಮಗೂನೂ ಮೇಲಕ್ಕೆ ಕೆಳಕ್ಕೆ ಆಡ್ತು. ಆಟ ಆಡಿಸ್ತಿದೀನಿ ಅಂತ ಅಂದ್ಕೊಂಡಿತು. ತಾನೂ ನಕ್ಕಿತು."

ಸ್ವಲ್ಪ ಹೊತ್ತು ಮಿಠಾಯಿ ಉಂಡೆ ಕಟ್ಟಿದರು.

"ಮತ್ತೆ ಹುಡುಕಲು ಯಾಕೆ ಕಳಿಸಲಿಲ್ಲ?"

"ಮಣ್ಣು ಮಾಡಿ ಬಂದ ಮನೆಗೆ ಪಿಟೀಲು ತರಿಸಲಾ? ಬೀದೀಲಿ ಅವಳು ಕಂಡರೆ ನನಗೆ ಅಳು ಬರೋದು, ಮುಖ ತಿರುಗಿಸ್ತಿದ್ದೆ. ಆಮೇಲೆ ಕಬೀಮಾಸ್‌ಗೆ ಹೋದ್ವಿ. ಅಲ್ಲಿ ಸೆಖೆ, ಎಣ್ಣೆ, ಇಲಿ. ನನಗನ್ನಿಸ್ತು, ಎರಡು ಮಕ್ಕಳಲ್ಲಿ ಒಂದಾದ್ರೂ ಬೆಚ್ಚಗೆ ಒಲೆ ಪಕ್ಕ ಇರ್ಲಿ. ಅವಳು ಚೆನ್ನಾಗಿ ನೋಡ್ಕೋತಾಳೆ."

ನಾನು ಅರ್ಧ ಬರೆದಿದ್ದ ಟಿಪ್ಪಣಿಯನ್ನು ಮುಂದುವರಿಸಲಿಲ್ಲ. ಅಡುಗೆಮನೆ ತುಂಬ ಸಕ್ಕರೆ ಪಾಕದ ಹೊಗೆ, ಅಕ್ಷರ ಕಾಣಲಿಲ್ಲ.

"ಈಗ ಇವನನ್ನ ಯಾರು ತಗೋತಾರೆ?"

"ಕರಾಕಾಸ್‌ನಲ್ಲಿ ಸಂಗ್ರಹಕಾರರು. ಗಾಜಿನ ಪೆಟ್ಟಿಗೆ, ಹದವಾದ ಹವೆ, ಧೂಳಿಲ್ಲ."

"ಅಂಗಿ ಯಾರು ಹೊಲೀತಾರೆ?"

ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯೂ ಈ ಪ್ರಶ್ನೆ ಕೇಳಿಲ್ಲ.

ಕೊನೆಗೆ ಅವರು ಒಂದು ಷರತ್ತು ಹಾಕಿದರು. ಮಗುವನ್ನು ಕಣ್ಣಾರೆ ನೋಡದೆ ರುಜು ಇಲ್ಲ. ನೋಡಿದ ಮೇಲೆ ರುಜು ಹಾಕುತ್ತಾರೆ, ಮಾತು ಅಂದರೆ ಮಾತು. ಆದರೆ ಮಾಲೀಕಳಾದವಳು ತಾನೇ ಕಳ್ಳಿಯ ಮನೆಗೆ ಹೋಗಿ ನೋಡುವ ಪದ್ಧತಿ ಇಲ್ಲ. ಹುಡುಕುವವರನ್ನು ಕಳಿಸಬೇಕು.

"ನನಗೆ ಯಾರಿದಾರೆ ಕಳಿಸೋಕೆ? ಗಂಡುಮಕ್ಕಳಿಬ್ಬರೂ ಮರಾಕಾಯ್ಬೋದಲ್ಲಿ, ಅವರಿಗೆ ಬೇಸ್‌ಬಾಲ್ ಬಿಟ್ಟು ಇನ್ನೇನೂ ಗೊತ್ತಿಲ್ಲ."

ನನ್ನ ಬಳಿ ಅದಕ್ಕೂ ಕಾಗದವಿತ್ತು. ನಾಲ್ಕನೇ ನಮೂನೆ, ಅಧಿಕಾರ ಪತ್ರ: ಮಾಲೀಕರ ಪರವಾಗಿ ವಸ್ತುವನ್ನು ಹುಡುಕಲು, ಪರಿಶೀಲಿಸಲು ಮತ್ತು ತರಲು ಹರಾಜು ಮನೆಯ ಪ್ರತಿನಿಧಿಗೆ ಅಧಿಕಾರ ಕೊಟ್ಟಿದ್ದೇನೆ. ಅದನ್ನು ಓದಿಸಿಕೊಂಡು, ನಕ್ಕು, ಅದಕ್ಕೆ ರುಜು ಹಾಕಿದರು.

ಹಾಗಾಗಿ ಕಾನೂನಿನ ಪ್ರಕಾರ ಹುಡುಕುವವಳು ನಾನು.

ಜನವರಿ ೨೫, ಬುಧವಾರ

ಯೋಚಿಸಿದಷ್ಟೂ ಇದೇ ಸರಿ ಅನ್ನಿಸುತ್ತಿದೆ. ಊರೆದುರು ಮಗುವನ್ನು ಕೇಳಿ, ಪಡೆದು, ಮಾಲೀಕಳ ಕೈಗೆ ಒಪ್ಪಿಸಿದರೆ ಮಾಲೀಕತ್ವದಲ್ಲಿ ಒಂದು ಎಳೆಯಷ್ಟೂ ಗೊಂದಲ ಉಳಿಯುವುದಿಲ್ಲ. ಆಮೇಲೆ ಆಕೆ ರುಜು ಹಾಕುತ್ತಾರೆ. ಯಾವ ವಕೀಲನೂ ಕೆಮ್ಮುವಂತಿಲ್ಲ. ಇದು ಪೂರ್ತಿ ಕಚೇರಿ ಕೆಲಸ.

ಪಿಟೀಲಿನವನನ್ನು ಗೊತ್ತು ಮಾಡಿದೆ. ನಾಲ್ಕು ತಂತಿಯ ಕ್ವಾತ್ರೋ ಬಾರಿಸುವವನೂ ಬೇಕು. ಪಿಟೀಲು ಒಂದೇ ಆದರೆ ಬೋಳಾಗಿ ಕೇಳಿಸುತ್ತದೆ.

ಜನವರಿ ೨೮, ಶನಿವಾರ

ಪರೆದೆಸರ ಹಳೇ ಮನೆ ಈಗ ಯಾರದೋ ಆಲೂಗಡ್ಡೆ ಉಗ್ರಾಣ. ಉಲ್ಪಿಯಾನೊನನ್ನು ಹಿಡಿದು ಒಂದು ಮೂಲೆ ಖಾಲಿ ಮಾಡಿಸಿದೆ. ಗೋದಲಿ ಕಟ್ಟಲು ಪಾಚಿ, ಹುಲ್ಲು, ಮಣ್ಣಿನ ಎರಡು ಕುರಿ, ಒಂದು ಕತ್ತೆ. ಕತ್ತೆಯ ಕಿವಿ ಮುರಿದಿತ್ತು, ಅಂಟಿಸಿದೆ.

"ಇಷ್ಟೆಲ್ಲ ಯಾಕೆ ಡೋನ್ಯಾ ಎಡೆಲ್ಮಿರಾ?" ಎಂದ ಅವನು, ಚೀಲ ಹೊತ್ತು ಬೆವರುತ್ತ. "ಹೆಂಗೂ ಮಾರೋದು ತಾನೆ?"

"ಮಾರೋದಕ್ಕೇ. ಮಾಲೀಕತ್ವ ಶುದ್ಧ ಆಗ್ಬೇಕಾ ಬೇಡ್ವಾ?"

"ಶುದ್ಧ ಆಗ್ಲಿ, ಆಗ್ಲಿ. ಲಾರಿ ಬಂದ್ರೆ ಸಾಕು."

"ಅತ್ತೆಗೆ ಬಾಯಿ ಬಿಟ್ರೆ ಜೋಕೆ."

"ನಾನ್ಯಾಕೆ ಹೇಳ್ಲಿ," ಎಂದು ಹೆಗಲು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಆಗಲೇ ಹೇಳಿದ್ದಾನೋ ಏನೋ.

ಡೋನ್ಯಾ ಕ್ರಿಸಾಂತಾಗೆ ಈ ವರ್ಷ ಕಣ್ಣು ಮಂಜು, ಐವತ್ತೆಂಟನೇ ಅಂಗಿ ಅರ್ಧಕ್ಕೆ ನಿಂತಿದೆ. ಅಂಚು ಮಾತ್ರ ಹೊಲಿದುಕೊಡುತ್ತೇನೆಂದು ಮನೆಗೆ ತಂದೆ. ಕೂತವಳು ತೋಳನ್ನೂ ಹಚ್ಚಿಬಿಟ್ಟೆ. ಬರಿಮೈಯಲ್ಲಿ ಅವನನ್ನು ಜನರೆದುರು ಒಯ್ಯಲಾಗುತ್ತದೆಯೇ? ಅಲ್ಲಿಯ ಚಳಿ ಏನು ಸಾಮಾನ್ಯವೇ?

ಜನವರಿ ೩೧, ಮಂಗಳವಾರ

ಡಾಕ್ಟರ್ ಬೆರೊಟೆರಾನ್ ಫೋನ್ ಮಾಡಿದ್ದರು. ಫೋಟೋಗ್ರಾಫರನನ್ನು ಸೋಮವಾರಕ್ಕೆ ಗೊತ್ತು ಮಾಡಿದ್ದಾರೆ. ಮುಖಪುಟ ಖಾಲಿ ಬಿಟ್ಟು ಕಾ‌ಯುತ್ತಿದ್ದಾರೆ. "ನಿಮ್ಮ ಮೇಜಿನ ಹಿಂದೆ ಯಾವ ಬಣ್ಣದ ಪರದೆ ಬೇಕು ಹೇಳಿ," ಅಂದರು, ನಗುತ್ತ.

ಹಸಿರು ಎಂದೆ.

ಬಾಗಿಲಲ್ಲಿ ಹಾಡುವ ಪದಗಳಲ್ಲಿ ಎರಡನೇ ಸಾಲು ಮರೆತುಹೋಗಿತ್ತು. ಸ್ನಾನದ ಮನೆಯಲ್ಲಿ ನೆನಪಾಯಿತು.

ಫೆಬ್ರವರಿ ೨, ಗುರುವಾರ, ಕಂದೆಲಾರಿಯಾ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆಗೆ ಏನೇನೋ ಸೇರಿಕೊಳ್ಳುತ್ತದೆ.

ಡೋನ್ಯಾ ಯುಫ್ರಾಸಿಯಾರನ್ನು ಜೀಪಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ನಾನು ಗಾಡಿ ಓಡಿಸುವ ರೀತಿಯಲ್ಲಿ ತಪ್ಪು ಹುಡುಕಿದರು. ಊರು ಕಾಣುತ್ತಲೇ ತಲೆಯ ಮೇಲಿನ ಶಾಲು ಸರಿಮಾಡಿಕೊಂಡರು. ಉಗ್ರಾಣದ ಮೂಲೆಯಲ್ಲಿ ಬರಿದಾದ ಗೋದಲಿಯ ಪಕ್ಕ ಒಂದು ಮುಕ್ಕಾಲಿ ಹಾಕಿ ಕೂರಿಸಿದೆ. ಗೋಡೆಯನ್ನು ಒಂದು ಸಲ ಕೈಯಿಂದ ಸವರಿ, "ಇಲ್ಲೇ ಮಂಚ ಇತ್ತು," ಅಂದರು.

ಮಧ್ಯಾಹ್ನ ಮೂರಕ್ಕೆ ನಾವು ಹೊರಟೆವು. ನಾನು, ಪಿಟೀಲು, ಕ್ವಾತ್ರೋ, ಹಿಂದೆ ಊರಿನ ಇಪ್ಪತ್ತು ಜನ ಮೇಣದಬತ್ತಿ ಹಿಡಿದು. ಶಾಸ್ತ್ರ ಬಿಡಬಾರದು ಎಂದು ಮೊದಲು ಎರಡು ಬೇರೆ ಮನೆಗಳಲ್ಲಿ ಕೇಳಿದೆವು. ಆಮೇಲೆ ಡೋನ್ಯಾ ಕ್ರಿಸಾಂತಾರ ಬಾಗಿಲು. ಪಿಟೀಲಿನವನು ತಲೆಯಾಡಿಸಿದ, ನಾನು ದನಿ ತೆಗೆದೆ:

ಹುಡುಕಿ ಬಂದೆವು ತಾಯಿ, ಬಾಗಿಲ ತೆರೆಯಿರಿ,
ನಮ್ಮ ಮನೆಯ ಕೂಸು ದಾರಿ ತಪ್ಪಿದೆ.
ನಿಮ್ಮ ಮನೆಯಲಿ ಉಂಡು ಮಲಗಿದ್ದರೆ
ಎಬ್ಬಿಸಿ ಕಳಿಸಿರಿ, ಹೊತ್ತು ಇಳಿದಿದೆ.

ಕಳ್ಳರಾದವರು ಮೂರು ಸಲ ಇಲ್ಲ ಎನ್ನಬೇಕು. ಬೇರೆ ಮನೆಗೆ ಹೋಗಿ ಎಂದು ಬೈಯಬೇಕು, ಆಗಲೇ ಚೆಂದ. ಡೋನ್ಯಾ ಕ್ರಿಸಾಂತಾ ನಾನು ಮೊದಲನೇ ಸಾಲು ಮುಗಿಸುವುದರೊಳಗೆ ಬಾಗಿಲು ತೆರೆದು ನಿಂತಿದ್ದರು. ಹಬ್ಬದ ಕಪ್ಪು ಲಂಗ, ತಲೆ ಬಾಚಿ ಬಿಗಿದಿತ್ತು, ಕೈಯಲ್ಲಿ ಅವನು. ಉಳಿದ ಮೂರು ಸಾಲನ್ನು ನಾನು ಅವರ ಮುಖಕ್ಕೇ ಹಾಡಿ ಮುಗಿಸಬೇಕಾಯಿತು. ಮೂರನೇ ಸಾಲಿಗೆ ನನ್ನ ದನಿ ಒಡೆಯಿತು.

"ಯಾರು ಕಳಿಸಿದ್ದು?" ಎಂದು ಕೇಳಿದರು.

"ಯುಫ್ರಾಸಿಯಾ ಪರೆದೆಸ್."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಉಲ್ಪಿಯಾನೊ ನಿಜವಾಗಿಯೂ ಬಾಯಿ ಬಿಟ್ಟಿರಲಿಲ್ಲ. ಅವನ ಮೇಲೆ ಅನುಮಾನಪಟ್ಟದ್ದು ನನ್ನ ತಪ್ಪು.

ಹೊಸ ಅಂಗಿ ತೊಡಿಸಿ ಅವನನ್ನು ರೇಷ್ಮೆ ವಸ್ತ್ರದ ಮೇಲೆ ಮಲಗಿಸಿದೆವು. ನಾಲ್ಕು ಮೂಲೆಗೆ ನಾಲ್ವರು: ಉಲ್ಪಿಯಾನೊ, ಶಾಲೆಯ ಮೇಡಂ, ಪಿಟೀಲಿನವನ ಹೆಂಡತಿ, ನಾನು. ಇನ್ನೂರು ಹೆಜ್ಜೆಯ ದಾರಿ, ಇಳಿಜಾರು. ವಸ್ತುಗಳನ್ನು ಸಾಗಿಸುವುದು ನನಗೆ ಹೊಸತಲ್ಲ, ಆದರೆ ಇಂದು ಹೆಜ್ಜೆ ಎಣಿಸಿ ಇಟ್ಟೆ. ಉಗ್ರಾಣದ ಬಾಗಿಲಿಗೆ ಬಂದಾಗ ಹಿಂದೆ ತಿರುಗಿ ನೋಡಿದೆ. ಡೋನ್ಯಾ ಕ್ರಿಸಾಂತಾ ಹೊಸ್ತಿಲಾಚೆ ನಿಂತುಬಿಟ್ಟಿದ್ದರು. ಯಾರು ಕರೆದರೂ ಬರಲೊಲ್ಲರು.

ಒಳಗಿನಿಂದ ದನಿ ಬಂತು.

"ಒಳಗೆ ಬಾರೇ ಕಳ್ಳಿ. ಈ ಸಲ ಒದೆಯೋಕೆ ಹಾಲಿನ ಕ್ಯಾನಿಲ್ಲ."

ಅವರು ಬಂದರು. ಡೋನ್ಯಾ ಯುಫ್ರಾಸಿಯಾ ವಸ್ತ್ರದಿಂದ ಮಗುವನ್ನು ಎತ್ತಿಕೊಂಡರು. ಮುಖ ನೋಡಿದರು, ಕಾಲು ನೋಡಿದರು, ಮುರಿದ ಬೆರಳನ್ನು ಒತ್ತಿ ನೋಡಿದರು. ತೋಳಿನಲ್ಲಿ ತೂಗಿದರು.

"ಬೆಳೆದೇ ಇಲ್ವಲ್ಲೇ ಇವನು! ಐವತ್ತೇಳು ವರ್ಷ ಏನು ತಿನ್ನಿಸಿದೆ?"

ಜನ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು, ಯಾಕೆಂದರೆ ಹೇಳಿದವರು ನಗುತ್ತಿರಲಿಲ್ಲ, ಅವನನ್ನು ಎದೆಗೆ ಒತ್ತಿಕೊಂಡಿದ್ದರು.

"ನನ್ನಿಂದ ಅಲ್ವೇನೇ ಯುಫ್ರಾ," ಎಂದರು ಡೋನ್ಯಾ ಕ್ರಿಸಾಂತಾ. "ನಾನು ಇವನನ್ನ ಎತ್ಕೊಂಡು ಹೋಗಿದ್ದಕ್ಕೇ ಅಲ್ವಾ..."

"ಸುಮ್ನಿರು. ಕೆಮ್ಮು ನಿನಗಿಂತ ಮೊದ್ಲೇ ಬಂದಿತ್ತು ಕಣೆ. ನೀನು ಬಂದಿದ್ದಕ್ಕೆ ಅದು ಒಂದು ಸಲ ನಕ್ಕಿತು. ನೀನು ಬರದಿದ್ರೆ ಅದೂ ಇಲ್ಲ."

ಡೋನ್ಯಾ ಕ್ರಿಸಾಂತಾ ಆಲೂಗಡ್ಡೆ ಚೀಲದ ಮೇಲೆ ಕುಸಿದು ಕೂತು ಅತ್ತರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಡೋನ್ಯಾ ಯುಫ್ರಾಸಿಯಾ ಮಗುವನ್ನು ಗೋದಲಿಯಲ್ಲಿ ನಿಲ್ಲಿಸಿದರು. ಹೊರಗೆ ಪಟಾಕಿ ಹಚ್ಚಿದರು. ಎಲ್ಲರೂ ಸಾಲಾಗಿ ಬಂದು ಅವನ ಪಾದಕ್ಕೆ ಮುತ್ತಿಟ್ಟರು. ನಾನೂ ಇಟ್ಟೆ. ಹೊಳಪು ಎರಡು ಕಡೆ ಮಾತ್ರ ಸವೆದಿದೆ, ಒಳ್ಳೆಯ ಸ್ಥಿತಿ.

ಕೇಕು ವೈನು ಹಂಚಿ ಆದಮೇಲೆ ಡೋನ್ಯಾ ಯುಫ್ರಾಸಿಯಾ ನನ್ನನ್ನು ಕರೆದರು.

"ನಿಮ್ಮ ಕಾಗದ ತನ್ನಿ ಡೋನ್ಯಾ. ನೋಡಿ ಆಯ್ತು. ಮಾತು ಕೊಟ್ಟಿದೀನಿ."

ಡೋನ್ಯಾ ಕ್ರಿಸಾಂತಾ ತಲೆ ಎತ್ತಲಿಲ್ಲ. ಅಂಗಿಯ ಪೆಟ್ಟಿಗೆಯನ್ನು ಆಗಲೇ ಗೋದಲಿಯ ಪಕ್ಕ ತಂದಿಟ್ಟಿದ್ದರು. ಉಲ್ಪಿಯಾನೊ ಕೇಕು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ಮೆರಿಡಾದಲ್ಲೇ ಮರೆತು ಬಂದೆ," ಎಂದೆ.

ಡೋನ್ಯಾ ಯುಫ್ರಾಸಿಯಾ ನನ್ನ ಕಂಕುಳಲ್ಲಿದ್ದ ಚೀಲವನ್ನು ನೋಡಿದರು. ಅದರ ಬಾಯಿಯಿಂದ ಕಾಗದದ ಅಂಚು ಕಾಣುತ್ತಿತ್ತು. ಅವರು ಇನ್ನೊಂದು ತುಂಡು ಕೇಕು ನನ್ನ ಕೈಗೆ ಕೊಟ್ಟರು.

ಕಾಗದ ನಿಜಕ್ಕೂ ಚೀಲದಲ್ಲೇ ಇತ್ತು. ಯಾಕೆ ಹಾಗೆ ಹೇಳಿದೆನೋ ತಿಳಿಯದು. ಪ್ರಯಾಣದ ಆಯಾಸ ಇರಬೇಕು.

ಫೆಬ್ರವರಿ ೩, ಶುಕ್ರವಾರ

ತಂತಿ ಕೊಟ್ಟೆ: "ಬಾಲಯೇಸು ಹರಾಜಿಗಿಲ್ಲ. ಮಾಲೀಕರು ಸಿಕ್ಕಿದ್ದಾರೆ."

ಫೆಬ್ರವರಿ ೧೦, ಶುಕ್ರವಾರ

ಸನಾಬ್ರಿಯಾನ ಕುರ್ಚಿ ಕರಾಕಾಸ್‌ನದೇ ಒಬ್ಬನಿಗೆ ಹೋಯಿತು. ಪ್ಯಾರಿಸ್‌ನಲ್ಲಿ ಓದಿದವನಂತೆ. ಡಾಕ್ಟರ್ ಬೆರೊಟೆರಾನ್ ಫೋನಿನಲ್ಲಿ ಬೇಸರಪಟ್ಟುಕೊಂಡರು. ನಾನೇ ಅವರಿಗೆ ಧೈರ್ಯ ಹೇಳಿದೆ. ಆ ಹುಡುಗ ಕೀಟೋ ಕೆಲಸ ಯಾವುದು, ಲಿಮಾ ಕೆಲಸ ಯಾವುದು ಎಂದು ತಿಳಿಯದೆ ಏಪ್ರಿಲ್‌ನಲ್ಲೇ ನನಗೆ ಫೋನ್ ಮಾಡುತ್ತಾನೆ, ಬೇಕಾದರೆ ಬರೆದಿಟ್ಟುಕೊಳ್ಳಿ. ನೋವಾಗಿಲ್ಲ ಎಂದರೆ ಸುಳ್ಳು. ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೇ ದಿನ ಹಸಿವಾಯಿತು.

ಅಂಗಿ ತುಂಬಿದ್ದ ಪೆಟ್ಟಿಗೆ ಮೂಳೆಯ ಕುಸುರಿ ಮಾಡಿದ್ದು, ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಡೋನ್ಯಾ ಕ್ರಿಸಾಂತಾ ಒಪ್ಪಿದ ಮೇಲೆ ಮಾರ್ಚ್ ಹರಾಜಿಗೆ ಕಳಿಸಿದೆ. ಮುಖಪುಟಕ್ಕಾಗದು, ಆದರೆ ಉಲ್ಪಿಯಾನೊಗೆ ಹಳೇ ಲಾರಿ ಒಂದು ಬಂದೇ ಬರುತ್ತದೆ. ಈ ಸಲ 'ಪಡೆದ ಬಗೆ' ಎಂಬಲ್ಲಿ 'ಕೌಟುಂಬಿಕ ಆಸ್ತಿ' ಎಂದು ಬರೆದೆ.

ಮಧ್ಯಾಹ್ನ ಡೋನ್ಯಾ ಯುಫ್ರಾಸಿಯಾ ಹೇಳಿಕಳಿಸಿದ್ದರು. ಮೂರು ಮಹಡಿ ಹತ್ತಿ ಹೋದೆ. ಬಾಲಯೇಸು ಈಗ ಅವರ ಅಡುಗೆಮನೆಯ ಕಪಾಟಿನ ಮೇಲೆ ನಿಂತಿದ್ದಾನೆ, ಹಳದಿ ಅಂಗಿ, ಪಕ್ಕದಲ್ಲಿ ಸಕ್ಕರೆಯ ಪೀಚ್ ಹಣ್ಣು. ಉಳಿದ ಐವತ್ತೇಳು ಅಂಗಿಗಳೂ ಮಡಚಿ ಕೆಳಗಿನ ಖಾನೆಯಲ್ಲಿವೆ.

"ನೀವು ಇದರಲ್ಲೆಲ್ಲ ತಿಳಿದವರು," ಎಂದರು. "ನನ್ನ ದೊಡ್ಡ ಮಗ ಫೋನಲ್ಲಿ ಹೆದರಿಸ್ತಿದಾನೆ. ಇಷ್ಟು ಬೆಲೆಯ ವಸ್ತು ಮನೇಲಿಟ್ಕೊಂಡು ಒಬ್ಬಳೇ ಇದೀಯಾ ಅಂತ. ಬಾಗಿಲಿಗೆ ಎಂಥ ಬೀಗ ಹಾಕಿಸಬೇಕು, ಹೇಳಿ."

ಇದು ನನ್ನ ವೃತ್ತಿಯ ಪ್ರಶ್ನೆ. ಇಪ್ಪತ್ತೆರಡು ವರ್ಷದಲ್ಲಿ ನೂರಾರು ಮನೆಗಳಿಗೆ ಸಲಹೆ ಕೊಟ್ಟಿದ್ದೇನೆ: ಎರಡು ಬೀಗ, ಕಿಟಕಿಗೆ ಸರಳು, ನೆಲಮಹಡಿಯಾದರೆ ನಾಯಿ. ಬಾಗಿಲನ್ನು ಪರೀಕ್ಷಿಸಿದೆ, ಚಿಲಕ ಎಳೆದು ನೋಡಿದೆ. ಮೆಟ್ಟಿಲುಗಳನ್ನು ಬಗ್ಗಿ ನೋಡಿದೆ. ಬರುವ ಜನವರಿಗೆ ಎಪ್ಪತ್ತೆಂಟಾಗುವ ಡೋನ್ಯಾ ಕ್ರಿಸಾಂತಾಗೆ ಮೂರು ಮಹಡಿ ಸುಲಭವಲ್ಲ, ಆದರೆ ಪ್ರತಿ ತಿರುವಿನಲ್ಲೂ ಒಂದು ಕುರ್ಚಿ ಇಟ್ಟರೆ ಹತ್ತಬಹುದು.

"ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಯಾವ ಬೀಗವಾದರೂ ನಡೆಯುತ್ತೆ, ಡೋನ್ಯಾ," ಎಂದೆ. "ಜನವರಿ ಪೂರ್ತಿ ಬಾಗಿಲು ತೆರೆದಿಡಿ."